ಕೈ ಹಿಡಿದವನು

ಮೊದಲು ಕಣ್ಣು ನೋಡು, ಲುವಲ್ಹಾತಿ.
ಕೆಂಪಗಿದ್ದರೆ ಬೈರ್ಡಿ, ಹಸಿರಾದರೆ ಒಪಿಲಿಯೊ.
ಬೈರ್ಡಿಗೆ ದರ ಜಾಸ್ತಿ, ಹಾಗಾಗಿ ಕಣ್ಣಿಗೂ ಬೆಲೆ.
ಆಮೇಲೆ ತಿರುಗಿಸಿ ಬಾಯ ಮೇಲಿನ ಅಂಚು ನೋಡು:
ಗೆರೆ ನೆಟ್ಟಗಿದೆಯೋ, ಏರಿ ಇಳಿದು ಏರಿದೆಯೋ,
ಮಗು ಬರೆದ ಎರಡು ಗುಡ್ಡದ ಹಾಗೆ.
ಗ್ಲೌಸ್ ಒದ್ದೆಯಾದರೆ ಬದಲಿಸು. ಬೆರಳು ಹೋದ ಮೇಲೆ
ಕಂಪನಿ ಕೊಡುವುದು ಒಂದು ಬಟ್ಟಲು ಸೂಪು.

ಇನ್ನು ಕೆಲವು ಬರುತ್ತವೆ,
ಕಣ್ಣು ಕೆಂಪೂ ಅಲ್ಲ, ಹಸಿರೂ ಅಲ್ಲ,
ಹಾಲು ಹಾಕದ ಚಹಾ ಎರಡು ದಿನ ಕೂತ ಬಣ್ಣ;
ಬಾಯ ಗೆರೆ ಗುಡ್ಡ ಹತ್ತಲು ಹೊರಟು
ಮನಸ್ಸು ಬದಲಿಸಿದಂತೆ.
ಬೆರಕೆ. ಅದಕ್ಕೆ ಮೂರನೆಯ ಕಾಲಂ.
ದೋಣಿಯವರಿಗೆ ಅದರ ಮೇಲೆ ಸಿಟ್ಟು,
ಅವರ ಲೆಕ್ಕ ಎರಡೇ ಜಾತಿಗೆ ಕೂಡುತ್ತದೆ.
ಸಮುದ್ರಕ್ಕೆ ಇದನ್ನು ಯಾರು ಹೇಳಬೇಕು?

ಹೇಗಾಗುತ್ತದೆ ಅಂತ ನಿನ್ನೆ ಕೇಳಿದೆಯಲ್ಲ, ನಗುತ್ತ.
ನೂರು ಮಾರು ಆಳದ ಕತ್ತಲಲ್ಲಿ
ಕಣ್ಣಿನ ಬಣ್ಣ ಯಾರಿಗೆ ಕಾಣುತ್ತದೆ?
ಪೊರೆ ಬಿಡುವ ದಿನ ಹತ್ತಿರಾದ ಹೆಣ್ಣು
ನೀರಿಗೆ ಏನೋ ಒಂದು ವಾಸನೆ ಬಿಡುತ್ತಾಳೆ.
ದೊಡ್ಡ ಇಕ್ಕಳದವನು ಮೊದಲು ಬರುತ್ತಾನೆ,
ಅವಳ ಕಾಲೊಂದನ್ನು ಹಿಡಿಯುತ್ತಾನೆ.
ಇಲ್ಲಿ ಕೈಹಿಡಿಯುವುದು ಅಂದರೆ ಹಿಡಿಯುವುದೇ,
ಒಂದು ವಾರ, ಹತ್ತು ದಿನ, ಬಿಡದೆ, ಉಣ್ಣದೆ.
ಎತ್ತಿಕೊಂಡೇ ತಿರುಗುತ್ತಾನೆ. ಇನ್ನೊಬ್ಬ ಬಂದರೆ ಗುದ್ದಾಟ.
ಅವಳು ಹಳೆಯ ಚಿಪ್ಪಿನಿಂದ ಹಿಂದಕ್ಕೆ ಸರಿದು ಹೊರಬರುವಾಗ
ಚಿಪ್ಪು ಎಳೆದುಕೊಡುತ್ತಾನೆ,
ನಿದ್ದೆಗಣ್ಣಿನ ಮಗುವಿನ ಅಂಗಿಯ ತೋಳು ಎಳೆದಂತೆ.
ಆಗ ಅವಳು ಬೆಂದ ಮೊಟ್ಟೆಯ ಬಿಳಿಯಷ್ಟು ಮೆತ್ತಗೆ,
ಯಾರು ಬೇಕಾದರೂ ತಿನ್ನಬಹುದು.
ಅವನು ಮೇಲೆ ಚಪ್ಪರದಂತೆ ನಿಲ್ಲುತ್ತಾನೆ.
ಚಪ್ಪರದ ಜಾತಿ ಆಗ ಯಾರು ಕೇಳುತ್ತಾರೆ?
ಪ್ರೀತಿ ಅನ್ನಬೇಡ. ಒಮ್ಮೊಮ್ಮೆ ಕಾಲು ಮುರಿದೂ ಹೋಗುತ್ತದೆ.

ಈ ದ್ವೀಪದ ಚರ್ಚಿನ ಹಳೆಯ ಪುಸ್ತಕದಲ್ಲೂ
ಒಂದು ಮೂರನೆಯ ಕಾಲಂ ಇತ್ತು.
ರಷ್ಯದ ಪಾದ್ರಿ ನೀಟಾಗಿ ಗೆರೆ ಎಳೆದಿದ್ದ:
ರಷ್ಯನರು, ಅಲ್ಯೂಟರು, ಕ್ರಿಯೋಲರು.
ನನ್ನ ಮುತ್ತಜ್ಜಿಯ ಅಜ್ಜಿ ಮಾತ್ರೋನ ಅಲ್ಲಿದ್ದಾಳೆ,
ಶಾಯಿ ಸ್ವಲ್ಪ ಹರಡಿದೆ.
ಅಷ್ಟೇ. ಏಡಿಗೂ ಅವಳಿಗೂ ಸಂಬಂಧ ಹಚ್ಚುವವರು
ಬೇಸಿಗೆಯಲ್ಲಿ ಬರುತ್ತಾರೆ,
ನೋಟ್‌ಬುಕ್ ಹಿಡಿದು, ಹಕ್ಕಿ ನೋಡಲು.

ಹೋದ ಮಂಗಳವಾರ ಮಾತ್ರ,
ನೀನಿನ್ನೂ ಬಂದಿರಲಿಲ್ಲ, ಗಾಳಿಗೆ ವಿಮಾನ ಇಳಿದಿರಲಿಲ್ಲ,
ತೊಟ್ಟಿಯಿಂದ ಎರಡು ಒಟ್ಟಿಗೇ ಬಂದವು.
ಕೆಂಗಣ್ಣಿನ ಗಂಡು. ಅವನ ಇಕ್ಕಳದಲ್ಲಿ
ಹಸಿರುಗಣ್ಣಿನವಳ ಕಾಲು, ಕಾಲಿನ ಜೊತೆ ಅವಳು.
ಹೆಣ್ಣನ್ನು ದೋಣಿಯಿಂದಲೇ ನೀರಿಗೆ ಬಿಡಬೇಕು, ಕಾನೂನು;
ಡೆಕ್ಕಿನ ಹುಡುಗರು ಮೂವತ್ತು ಗಂಟೆ ನಿದ್ದೆಗೆಟ್ಟಿದ್ದರು.
ಪಂಜರ ಮೇಲೆದ್ದಾಗ ಬಿಟ್ಟಿಲ್ಲ,
ಕ್ರೇನಿನಲ್ಲಿ ತೂಗಾಡುವಾಗ ಬಿಟ್ಟಿಲ್ಲ,
ಐದು ದಿನ ತೊಟ್ಟಿಯ ಕತ್ತಲಲ್ಲಿ ಬಿಟ್ಟಿಲ್ಲ.
ಬೆಲ್ಟ್ ನಿಲ್ಲಿಸಿದೆ. ಫೋರ್‌ಮನ್ ಸಿಯಾಓಸಿ ಬಂದ,
ಇಕ್ಕಳದ ಸಂದಿಗೆ ಚಮಚ ತೂರಿಸಿದ,
ಚಮಚ ಬಗ್ಗಿತು. ಸಮೋವದ ಭಾಷೆಯಲ್ಲಿ ಬೈದ.

ಬಿಟ್ಟವಳು ಅವಳೇ.
ಬುಡದಲ್ಲಿ ಟಿಕ್ ಎಂದಿತು,
ಕಾಲನ್ನು ಅವನಿಗೆ ಕೊಟ್ಟು ಕೆಳಗೆ ಬಿದ್ದಳು.

ಬೆಲ್ಟ್ ಹೊರಟಿತು. ಹಬೆಯೊಳಕ್ಕೆ ಹೋಗುವಾಗಲೂ
ಅವನು ಹಿಡಿದೇ ಇದ್ದ,
ಆ ತುದಿಯಲ್ಲಿ ಇನ್ನೂ ಒಬ್ಬಳು ಪೂರ್ತಿ ಇದ್ದಾಳೆ ಎಂಬಂತೆ.

ಅವಳನ್ನು ಬಕೆಟ್ಟಿನಲ್ಲಿ ಧಕ್ಕೆಗೆ ಒಯ್ದೆ.
ಎರಡು ನರಿ ಹಿಂದೆ ಬಂದವು.
ಬಂದರಿನ ನೀರು ಐದೇ ಮಾರು,
ಅವಳಿಗೆ ಬೇಕಾದ್ದು ಅರವತ್ತು. ಗೊತ್ತಿತ್ತು.
ಆದರೂ ಎಸೆಯಲಿಲ್ಲ, ಏಣಿ ಇಳಿದು ಬಿಟ್ಟೆ.
ಏಳು ಕಾಲಲ್ಲಿ ವಾರೆಯಾಗಿ
ಮಂಜುಗಡ್ಡೆಯ ಚೂರುಗಳ ಅಡಿಗೆ ಹೋದಳು.
ಇನ್ನೂ ಒಂದು ಪೊರೆ ಬಾಕಿಯಿತ್ತು ಅವಳಿಗೆ, ಕಡೆಯದು.

ಫಾರ್ಮಿನಲ್ಲಿ ಗಂಡು ಒಂದು, ಬೈರ್ಡಿ, ಎಂದು ಬರೆದೆ.
ಮೂರನೆಯ ಕಾಲಂ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಚಳಿಗೆ ಶಾಯಿ ಗಟ್ಟಿಯಾಗಿತ್ತೇನೋ.

ಹಾಂ, ಬೆಲ್ಟ್ ಶುರುವಾಯಿತು.
ಕಣ್ಣು ಮೊದಲು. ಆಮೇಲೆ ಬಾಯಿ.